‘ಇದರಲ್ಲಿ ನನ್ನ ಮುಖ ಎಲ್ಲಿ?’

ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೊಂದೇ ದಿನ. ಬೆಳಗಿನ ನಾಲ್ಕು ಗಂಟೆಗೆ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಹೆಜ್ಜೆ ಊರಲು ಜಾಗವಿರಲಿಲ್ಲ. ತಲೆಯ ಮೇಲೆ ಸಿಂಬೆ, ಅದರ ಮೇಲೆ ಸೇವಂತಿಗೆಯ ಮೂಟೆ ಹೊತ್ತವರು ‘ದಾರಿ, ದಾರಿ’ ಎನ್ನುತ್ತ ನುಗ್ಗುತ್ತಿದ್ದರು. ಕನಕಾಂಬರದ ಬೆಲೆ ಕೇಳಿದವರು ಒಂದು ಕ್ಷಣ ಸುಮ್ಮನೆ ನಿಂತುಬಿಡುತ್ತಿದ್ದರು. ಹಬ್ಬದ ದಿನಗಳಲ್ಲಿ ಅದು ಕಿಲೋಗೆ ಸಾವಿರ ರೂಪಾಯಿ ದಾಟುವುದು ಹೊಸತೇನಲ್ಲ.

ಬೆಂಗಳೂರಿನ ಬೀದಿಗಳ ಚಿತ್ರ ತೆಗೆಯುವವರು ಒಮ್ಮೆಯಾದರೂ ಇಲ್ಲಿಗೆ ಬಂದಿರುತ್ತಾರೆ. ಹೆಚ್ಚಿನವರು ಮೆಟ್ಟಿಲು ಹತ್ತಿ, ಮೇಲಿನಿಂದ ಕೆಳಗೆ ನೋಡುತ್ತಾರೆ. ಅಲ್ಲಿಂದ ಹಳದಿ, ಕೆಂಪು, ಬಿಳಿ ರಾಶಿಗಳು ರಂಗೋಲಿಯಂತೆ ಕಾಣುತ್ತವೆ. ಜನ ಬರಿಯ ತಲೆಗಳಾಗಿಬಿಡುತ್ತಾರೆ. ನನಗೆ ಆ ಚಿತ್ರ ಬೇಡ. ನಾನು ಬಳಸುವುದು 35 ಎಂ.ಎಂ. ಲೆನ್ಸ್ ಒಂದನ್ನೇ. ಅದು ದೂರ ನಿಂತು ಕದಿಯಲು ಬಿಡುವುದಿಲ್ಲ. ನಾಲ್ಕೈದು ಅಡಿ ಹತ್ತಿರ ಹೋಗಬೇಕು, ಎದುರಿನವರ ಮಾತು ಕಿವಿಗೆ ಬೀಳಬೇಕು, ಬೈದರೆ ಅದನ್ನೂ ಕೇಳಿಸಿಕೊಳ್ಳಬೇಕು.

ಮೆಟ್ಟಿಲ ಪಕ್ಕದ ಮೂಲೆಯಲ್ಲಿ ಒಬ್ಬ ಅಜ್ಜಿ ಗೋಣಿಚೀಲದ ಮೇಲೆ ಕುಳಿತು ಹೂ ಕಟ್ಟುತ್ತಿದ್ದರು. ಎದೆಮಟ್ಟಕ್ಕೆ ಇಳಿಬಿಟ್ಟ ಒಂದು ಬಲ್ಬು. ಬೆಳಕೆಲ್ಲ ಕೈಗಳ ಮೇಲೆ, ಮುಖ ಕತ್ತಲಲ್ಲಿ. ಕ್ಯಾಮೆರಾ ತೋರಿಸಿ ಕಣ್ಣಿನಲ್ಲೇ ಕೇಳಿದೆ. ತಲೆಯಾಡಿಸಿದರು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಅದರಲ್ಲಿ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕ್ಯಾಮೆರಾದೊಳಗೆ ಬೆಳಕು ಬಿಡುವ ಶಟರ್ ತೀರ ಚುರುಕಾದರೆ ಚಿತ್ರದಲ್ಲಿ ಪಟ್ಟೆಗಳು ಮೂಡುತ್ತವೆ. ಹಾಗಾಗಿ ಅದರ ವೇಗವನ್ನು 1/50 ಸೆಕೆಂಡಿಗೆ ಇಳಿಸಿದೆ. ಆ ವೇಗಕ್ಕೆ ಅಜ್ಜಿಯ ಬೆರಳುಗಳು ಸಿಗಲಿಲ್ಲ. ದಾರದ ಸುತ್ತ ಹೊಗೆಯಂತೆ ಹರಡಿಕೊಂಡವು. ಎರಡು ಹೂ ಆ ಕಡೆ, ಎರಡು ಈ ಕಡೆ, ಒಂದು ಸುತ್ತು, ಒಂದು ಬಿಗಿತ. ಅಷ್ಟು ದಿನಗಳಲ್ಲಿ ನಾನು ತೆಗೆದ ಅತ್ಯುತ್ತಮ ಚಿತ್ರ ಅದೇ ಎನಿಸಿತು. ಈಗಲೂ ಅದನ್ನು ಪ್ರೀತಿಸುತ್ತೇನೆ.

ಮುಂದಿನ ವಾರ ಅದರ ಪ್ರತಿಯನ್ನು ದೊಡ್ಡದಾಗಿ ಮುದ್ರಿಸಿಕೊಂಡು ಹೋದೆ. ಯಾರ ಚಿತ್ರ ತೆಗೆಯುತ್ತೇನೋ ಅವರಿಗೆ ಒಂದು ಪ್ರತಿ ಕೊಡಬೇಕೆಂಬುದು ನಾನೇ ಹಾಕಿಕೊಂಡ ಕಟ್ಟಳೆ. ಮೊಬೈಲಿಗೆ ಕಳುಹಿಸಿದರೆ ಸಾಲದು, ಕೈಗೆ ಸಿಗುವ ಕಾಗದವೇ ಬೇಕು. ಅಜ್ಜಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಿತ್ರವನ್ನು ಬಲ್ಬಿನ ಹತ್ತಿರ ಹಿಡಿದರು. ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು.

‘ಇದರಲ್ಲಿ ನನ್ನ ಮುಖ ಎಲ್ಲಿ ಅಪ್ಪಾ?’

ಬೆಳಕಿನ ಬಗ್ಗೆ ಏನೋ ಹೇಳಲು ಬಾಯಿ ತೆರೆದೆ. ಅವರು ಕೇಳುತ್ತಿದ್ದದ್ದು ಬೆಳಕಿನ ಮಾತಲ್ಲ. ‘ಕೈ ನಾನು ದಿನವೂ ನೋಡುತ್ತೇನೆ. ಮುಖದ ಒಂದು ಫೋಟೊ ನನ್ನ ಹತ್ತಿರ ಇಲ್ಲ. ರೇಷನ್ ಕಾರ್ಡಿನದ್ದು ಬಿಟ್ಟರೆ’ ಎಂದರು.

ನನಗೆ ನಿಜಕ್ಕೂ ನಾಚಿಕೆಯಾಯಿತು. ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳಲ್ಲಿನ ಮಕ್ಕಳ, ದುಡಿಯುವ ಜನರ ಮುಖಗಳನ್ನು ನೋಡಿಯೇ ನಾನು ಕ್ಯಾಮೆರಾ ಹಿಡಿದವನು. ಅಂಥವನಿಗೆ, ಒಬ್ಬ ಹೆಂಗಸಿನ ಮುಖ ಕತ್ತಲಲ್ಲಿ ಉಳಿದದ್ದೇ ಚಿತ್ರದ ಸೊಗಸಾಗಿ ಕಂಡಿತ್ತು. ಜನ ಕ್ಯಾಮೆರಾ ನೋಡಿ ನೆಟ್ಟಗಾಗುವ ಮೊದಲೇ ಕ್ಲಿಕ್ಕಿಸಬೇಕು, ಕೂರಿಸಿ ತೆಗೆದದ್ದು ಸುಳ್ಳು ಎಂದು ವರ್ಷಗಟ್ಟಲೆ ನಂಬಿದ್ದೆ, ಹೊಸಬರಿಗೆ ಅದನ್ನೇ ಹೇಳಿಯೂ ಇದ್ದೆ.

‘ಈಗಲೇ ತೆಗೆಯುತ್ತೇನೆ, ಅಜ್ಜಿ.’

‘ಈಗ ಬೇಡ, ಬೆಳಕಾಗಲಿ’ ಎಂದರು. ನನಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು.

ಆರೂವರೆಗೆ ಬಿಡಿ ವ್ಯಾಪಾರದವರು ಬುಟ್ಟಿ ತುಂಬಿಕೊಂಡು ಹೊರಟರು. ಆಚೆ ಮೋಡ ಕವಿದ ಶ್ರಾವಣದ ಬೆಳಕು, ಎಲ್ಲೂ ಗಟ್ಟಿ ನೆರಳಿಲ್ಲ. ಅಜ್ಜಿ ಕೊಡದ ನೀರಿನಲ್ಲಿ ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ಪಕ್ಕದ ಅಂಗಡಿಯಾಕೆಯನ್ನು ‘ಸರಿಯಾಗಿದೆಯೇನೇ?’ ಎಂದು ಕೇಳಿದರು. ಆಕೆ ಮೂಗುಬೊಟ್ಟನ್ನು ನೇರ ಮಾಡಿದರು, ಸೆರಗಿಗೆ ಅಂಟಿದ್ದ ಎಸಳುಗಳನ್ನು ಕೊಡವಿದರು. ಅಜ್ಜಿ ಬುಟ್ಟಿಯಿಂದ ಒಂದು ಗೇಣು ಕನಕಾಂಬರ ಕಿತ್ತು ತಾವೇ ಮುಡಿದುಕೊಂಡರು. ಅಷ್ಟು ಬೆಲೆಯ ಹೂವನ್ನು ಅವರು ತಮಗಾಗಿ ಮುಡಿದದ್ದನ್ನು ನೋಡಿಯೇ ಇರಲಿಲ್ಲ ಎಂದು ಆ ಅಂಗಡಿಯಾಕೆ ಆಮೇಲೆ ಹೇಳಿದರು.

ಮೆಟ್ಟಿಲ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತರು. ನೇರವಾಗಿ ನನ್ನನ್ನೇ ನೋಡಿದರು. ನಗಲಿಲ್ಲ, ನಾನೂ ನಗಲು ಹೇಳಲಿಲ್ಲ. ಹಿಂದೆ ಹಮಾಲಿಗಳು ಖಾಲಿ ಗೋಣಿ ಮಡಚುತ್ತ ನಿಂತು ನೋಡುತ್ತಿದ್ದರು. ಅಜ್ಜಿಯ ಎರಡೂ ಕೈಗಳು ಮಡಿಲಲ್ಲಿ ಒಂದರ ಮೇಲೊಂದು ಸುಮ್ಮನಿದ್ದವು. ಅವು ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಒಂದೇ ಒಂದು ಸಲ ಒತ್ತಿದೆ.

‘ಆಯಿತೇ?’ ಎಂದವರೇ ಎದ್ದು ಗೋಣಿಚೀಲದ ಮೇಲೆ ಕುಳಿತು ದಾರದ ತುದಿ ಹುಡುಕಿದರು. ‘ಮೂರು ಕಾಪಿ ತಾ ಅಪ್ಪಾ. ಒಂದು ನನಗೆ, ಒಂದು ಮಗಳ ಮನೆಗೆ, ಒಂದು ಇವಳಿಗೆ. ನಾಳೆಯಿಂದ ಇವಳೂ ಕೇಳುತ್ತಾಳೆ, ನೋಡುತ್ತಿರು.’