ಹುಣ್ಣಿಮೆ ರಜೆ

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಎರಡು ಕ್ಯಾಲೆಂಡರ್‌ಗಳಿವೆ. ಒಂದು ಊರಿನಿಂದ ಅಮ್ಮ ಕಳಿಸಿದ್ದು. ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ಇರುವ ಕನ್ನಡದ ಕ್ಯಾಲೆಂಡರ್. ಇನ್ನೊಂದು ಇಲ್ಲಿ ಕೊಲಂಬೊದಲ್ಲಿ, ಕೆಳಗಿನ ದಿನಸಿ ಅಂಗಡಿಯವರು ಕೊಟ್ಟಿದ್ದು. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಯೂ ಸರ್ಕಾರಿ ರಜೆ. ಇಲ್ಲಿನವರು ಅದನ್ನು ‘ಪೋಯ’ ಎನ್ನುತ್ತಾರೆ. ನಮ್ಮ ಯಜಮಾನರು ಕೆಲಸ ಮಾಡುವ ಸಿದ್ಧ ಉಡುಪಿನ ಕಂಪನಿಗೆ ಅಂದು ಬಿಡುವು. ನಾನು ಕೊಲಂಬೊದ ಮನೆಯಲ್ಲಿ ಕುಳಿತು ಕೆಲಸ ಮಾಡುವುದು ಬೆಂಗಳೂರಿನ ಲೆಕ್ಕಪರಿಶೋಧಕರ ಕಚೇರಿಗೆ. ಅಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಲೆಕ್ಕವಿಲ್ಲ. ಎರಡು ದೇಶಗಳ ಗಡಿಯಾರವೂ ಒಂದೇ, ರಜೆಗಳು ಮಾತ್ರ ಬೇರೆ. ಇವರು ಬಿಡುವಾಗಿ ಬಾಲ್ಕನಿಯಲ್ಲಿ ಕುಳಿತ ದಿನ ನಾನು ಜಿಎಸ್‌ಟಿ ಲೆಕ್ಕದಲ್ಲಿ ಮುಳುಗಿರುತ್ತೇನೆ. ದಸರೆಯ ದಿನ ನಾನು ಒಬ್ಬಳೇ ಪಾಯಸ ಮಾಡಿ ಸಂಜೆಯವರೆಗೆ ಕಾಯುತ್ತೇನೆ. ಇಬ್ಬರಿಗೂ ಸೇರಿ ಒದಗುವ ರಜೆಯ ದಿನ ನಮ್ಮ ಮನೆಯಲ್ಲಿ ಅಷ್ಟು ದುಬಾರಿ.

ನಾವಿರುವುದು ವೆಳ್ಳವತ್ತೆಯಲ್ಲಿ, ಮೂರನೆಯ ಮಹಡಿ. ಬಾಲ್ಕನಿಯ ಎದುರಿಗೆ ರಸ್ತೆ, ರಸ್ತೆಯಾಚೆ ರೈಲುಹಳಿ, ಹಳಿಯಾಚೆ ಸಮುದ್ರ. ಗಾಲೆ, ಮಾತರಕ್ಕೆ ಹೋಗುವ ರೈಲುಗಳು ದಿನವಿಡೀ ಅಲೆಗಳಿಗೆ ಅಂಟಿಕೊಂಡಂತೆ ಓಡುತ್ತವೆ. ಉಪ್ಪುಗಾಳಿಗೆ ಕಿಟಕಿಯ ಸರಳು ತುಕ್ಕು ಹಿಡಿಯುತ್ತದೆ, ಒಗೆದ ಬಟ್ಟೆ ಎರಡು ದಿನವಾದರೂ ತಣ್ಣಗೇ ಇರುತ್ತದೆ. ಬೆಳಿಗ್ಗೆ ಬ್ರೆಡ್ಡು, ಬನ್ನು ಮಾರುವ ಆಟೋ ಸಂಗೀತ ನುಡಿಸುತ್ತಾ ಬರುತ್ತದೆ. ತರಕಾರಿ ಸಂತೆಯಲ್ಲಿ ‘ಗೊಟುಕೊಳ’ ಎಂದು ಕಂತೆ ಕಂತೆಯಾಗಿ ಮಾರುವ ಸೊಪ್ಪು ನಮ್ಮ ಒಂದೆಲಗ. ಊರಿನಲ್ಲಿ ತೋಟದ ಬದುವಿನಲ್ಲಿ ಹುಡುಕಿ ತರುತ್ತಿದ್ದ ಸೊಪ್ಪು ಇಲ್ಲಿ ದಿನವೂ ಸಿಗುತ್ತದೆ. ಇಲ್ಲಿನವರು ಅದನ್ನು ಹೆಚ್ಚಿ ಕಾಯಿತುರಿ ಬೆರೆಸಿ ತಿನ್ನುತ್ತಾರೆ, ನಾನು ತಂಬುಳಿ ಮಾಡುತ್ತೇನೆ.

ಇಲ್ಲಿಗೆ ಬಂದ ದಿನದಿಂದ ಇವರಿಗೊಂದು ಆಸೆ: ಬದುಳ್ಳದ ರೈಲು. ಕೊಲಂಬೊ ಫೋರ್ಟ್ ನಿಲ್ದಾಣದಿಂದ ಹೊರಟು ಕ್ಯಾಂಡಿ ಸೀಮೆ ದಾಟಿ, ಚಹಾ ತೋಟಗಳ ನಡುವೆ ಏರುತ್ತಾ ಸುಮಾರು 1,900 ಮೀಟರ್ ಎತ್ತರದ ಪಟ್ಟಿಪೊಲ ನಿಲ್ದಾಣ ಮುಟ್ಟಿ, ಅಲ್ಲಿಂದ ಎಲ್ಲಕ್ಕೆ ಇಳಿಯುವ ದಾರಿ. (ಎಲ್ಲ ಎಂದರೆ ಊರಿನ ಹೆಸರು, ಫೋನಿನಲ್ಲಿ ಅಮ್ಮನಿಗೆ ಇದನ್ನು ಬಿಡಿಸಿ ಹೇಳಲು ನನಗೆ ಬಹಳ ಹೊತ್ತು ಹಿಡಿಯಿತು.) ಅಲ್ಲಿಂದ ಮುಂದೆ ದೆಮೋದರದಲ್ಲಿ 1921ರಲ್ಲಿ ಮುಗಿದ ಒಂಬತ್ತು ಕಮಾನುಗಳ ಸೇತುವೆ ಇದೆ, ಉಕ್ಕು ಬಳಸದೆ, ಕಲ್ಲು, ಇಟ್ಟಿಗೆ, ಸಿಮೆಂಟಿನಿಂದಲೇ ಕಟ್ಟಿದ್ದು. ಅದರಾಚೆ ಹಳಿ ಗುಡ್ಡವನ್ನು ಸುತ್ತಿ ಬಂದು, ತಾನು ಹಾದುಬಂದ ನಿಲ್ದಾಣದ ಅಡಿಯಲ್ಲೇ ಸುರಂಗ ಹೊಕ್ಕುತ್ತದೆ. ಇವರು ಚಿಕ್ಕಂದಿನಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ರೈಲಿನ ಕಿಟಕಿಗೆ ಮುಖ ಒತ್ತಿ ಐವತ್ತೇಳು ಸುರಂಗ ಎಣಿಸಿದವರು. ದೆಮೋದರದ ಆ ಸುತ್ತನ್ನು ಕಾಗದದ ಮೇಲೆ ಬರೆದು ನನಗೆ ಎಷ್ಟು ಸಲ ವಿವರಿಸಿದ್ದಾರೋ!

2024ರ ವೈಶಾಖ ಹುಣ್ಣಿಮೆ ಮೇ 23, ಗುರುವಾರ. ಇಲ್ಲಿ ಅದು ವೆಸಾಕ್. ಮರುದಿನವೂ ರಜೆ, ಆಮೇಲೆ ಶನಿವಾರ, ಭಾನುವಾರ. ನಾನು ತಿಂಗಳ ಮೊದಲೇ ಕಚೇರಿಗೆ ಬರೆದು, ಎರಡು ದಿನದ ರಜೆ ಪಡೆದೆ. ಕಾಯ್ದಿರಿಸುವ ಟಿಕೆಟು ಮೂವತ್ತು ದಿನ ಮುಂಚೆ ಸಿಗುತ್ತದೆ. ಏಪ್ರಿಲ್ 23ರಂದು ಇಬ್ಬರೂ ಎರಡು ಮೊಬೈಲ್ ಹಿಡಿದು ಕುಳಿತಿದ್ದೆವು. ಹೆಸರು, ಪಾಸ್‌ಪೋರ್ಟ್ ಸಂಖ್ಯೆ ತುಂಬಿಸಿ ಮುಗಿಸುವಷ್ಟರಲ್ಲಿ ಆಸನಗಳೆಲ್ಲ ಮುಗಿದಿದ್ದವು. ಇವರು ಏನೂ ಮಾತಾಡದೆ ಹೋಗಿ ಸ್ನಾನ ಮಾಡಿ ಬಂದರು.

“ಮೂರನೆಯ ದರ್ಜೆಯಲ್ಲಿ ಕಾಯ್ದಿರಿಸದೆಯೂ ಹೋಗಬಹುದಲ್ಲ ರೀ” ಎಂದವಳು ನಾನೇ.

ವೆಸಾಕ್ ದಿನ ನಸುಕಿನ ನಾಲ್ಕೂವರೆಗೆ ಆಟೋ ಹತ್ತಿದೆವು. ಬುತ್ತಿಗೆ ಚಪಾತಿ, ಚಟ್ನಿಪುಡಿ. ಪೊಡಿ ಮೆಣಿಕೆ ಎಂಬ ಹೆಸರಿನ ರೈಲು 5.55ಕ್ಕೆ ಹೊರಡುವುದಿತ್ತು. ಫೋರ್ಟ್ ತಲುಪಿದಾಗ ಪ್ಲಾಟ್‌ಫಾರ್ಮ್ ತುಂಬ ಬಿಳಿ ಬಟ್ಟೆಯ ಜನ. ಹೂವಿನ ಪೊಟ್ಟಣ ಹಿಡಿದ ಅಜ್ಜಿಯರು, ತೂಕಡಿಸುವ ಮಕ್ಕಳನ್ನು ಹೆಗಲಿಗೇರಿಸಿಕೊಂಡ ತಂದೆಯರು. ರೈಲು ನಿಲ್ಲುವ ಮೊದಲೇ ಬಾಗಿಲುಗಳು ತುಂಬಿದವು. ಇವರು ಒಂದು ಕಾಲನ್ನು ಮೆಟ್ಟಿಲಿಗಿಟ್ಟು ನನಗೆ ಕೈ ಚಾಚಿದರು. ನನ್ನ ಮುಂದೆ ಒಬ್ಬ ಮುದುಕಿ ತಡವರಿಸುತ್ತಿದ್ದಳು. ಇವರು ಕಾಲು ಕೆಳಗಿಳಿಸಿ, ಅವಳ ಮೊಣಕೈ ಹಿಡಿದು ಮೇಲೆ ಹತ್ತಿಸಿದರು. ಒಳಗಿಂದ ಯಾರೋ ಅವಳನ್ನು ಎಳೆದುಕೊಂಡರು. ಅಲ್ಲಿದ್ದ ಜಾಗ ಅಷ್ಟೇ. ರೈಲು ಹೊರಟಿತು. ಅದರ ಕೊನೆಯ ಡಬ್ಬಿ ತಿರುವಿನಲ್ಲಿ ಮರೆಯಾಗುವವರೆಗೂ ಇವರು ನೋಡುತ್ತಲೇ ನಿಂತಿದ್ದರು. ನನಗೆ ಅಳು ಬಂದಿತ್ತು, ಆ ರೈಲಿಗಾಗಿ ಅಲ್ಲ. ಹೋಗಲಿ ಬಿಡು ಎನ್ನುವಾಗ ಇವರು ನನ್ನ ಮುಖ ನೋಡದೆ ಚೀಲ ಹೆಗಲಿಗೇರಿಸಿಕೊಂಡ ಬಗೆಗಾಗಿ.

ಮನೆಗೆ ಬಂದು ಚಪಾತಿ ತಿಂದು ಮಲಗಿದೆವು. ಎದ್ದಾಗ ಹನ್ನೊಂದು ದಾಟಿತ್ತು, ಜಿಟಿಜಿಟಿ ಮಳೆ. ಕೆಳಗಿನ ಗಲ್ಲಿಯಿಂದ ಮೈಕಿನ ಸದ್ದು. ನೋಡಲು ಇಳಿದರೆ, ಟಾರ್ಪಾಲಿನ ಚಪ್ಪರದ ಮುಂದೆ ಹುಡುಗರು ಬೌದ್ಧ ಬಾವುಟ ಬೀಸುತ್ತಾ ಹೋಗುವ ಬರುವ ವಾಹನಗಳನ್ನೆಲ್ಲ ತಡೆದು “ಎನ್ನ, ಎನ್ನ” ಎಂದು ಕೂಗುತ್ತಿದ್ದರು. ಸಿಂಹಳದಲ್ಲಿ ಹಾಗೆಂದರೆ ಬನ್ನಿ. ವಚನಗಳಲ್ಲಿ ಕೇಳಿ ಬೆಳೆದ ಕಿವಿಗೆ ಅದು ‘ನನ್ನ’ ಎಂದೇ ಬಿತ್ತು. ಅದು ದನ್ಸಲ, ಅಂದರೆ ದಾನಶಾಲೆ. ವೆಸಾಕ್‌ನಲ್ಲಿ ಊರೂರಿನ ಜನ ತಾವೇ ದುಡ್ಡು ಕೂಡಿಸಿ, ತಾವೇ ಬೇಯಿಸಿ, ಬಂದವರಿಗೆಲ್ಲ ಉಣಬಡಿಸುತ್ತಾರೆ. ಒಂದು ಕಡೆ ಅನ್ನ, ಇನ್ನೊಂದು ಕಡೆ ಬೇಯಿಸಿದ ಕಡಲೆ, ಮತ್ತೊಂದು ಕಡೆ ಐಸ್‌ಕ್ರೀಂ. ಯಾರು, ಎತ್ತ ಎಂದು ಒಬ್ಬರೂ ಕೇಳುವುದಿಲ್ಲ.

ಸಾಲಿನಲ್ಲಿ ನಿಂತೆವು. ಮುಂದೆ ಒಬ್ಬ ಪೊಲೀಸ್, ಹಿಂದೆ ಕಾರಿನಿಂದ ಇಳಿದು ಬಂದ ಕುಟುಂಬ. ತಟ್ಟೆಗೆ ಅನ್ನ, ತೆಂಗಿನ ಹಾಲು ಹಾಕಿದ ಬೇಳೆ, ಎಳೆ ಹಲಸಿನ ಪಲ್ಯ, ಕಾಯಿ ಸಂಬೋಲ, ಹಪ್ಪಳ. ಎಳೆ ಹಲಸು ಬಾಯಿಗಿಟ್ಟಾಗ ನಾನು ಒಂದು ಗಳಿಗೆ ಸುಮ್ಮನಾದೆ. ಗುಜ್ಜೆ ಪಲ್ಯ ತಿಂದು ಮೂರು ವರ್ಷವಾಗಿತ್ತು. ಬಡಿಸುತ್ತಿದ್ದ ಹಿರಿಯ ಹೆಂಗಸು ಅದನ್ನು ಕಂಡಳೋ ಏನೋ, “ದುವ, ಬಡ ಪಿರೆನ್ನ ಕನ್ನ” ಎಂದು ಇನ್ನೊಂದು ಸೌಟು ಹಾಕಿದಳು. ಮಗಳೇ, ಹೊಟ್ಟೆ ತುಂಬ ಉಣ್ಣು. 2022ರ ಬಿಕ್ಕಟ್ಟಿನಲ್ಲಿ ಅಡುಗೆ ಅನಿಲವೇ ಸಿಗದೆ ಈ ಚಪ್ಪರ ಹಾಕಲಾಗಲಿಲ್ಲ ಎಂದು ಆಕೆಯ ಮಗ ಹೇಳಿದ. ಊಟ ಮುಗಿದ ಮೇಲೆ ಇವರು ಹಿಂಭಾಗಕ್ಕೆ ಹೋಗಿ, ಹುಡುಗರ ಜೊತೆ ತಟ್ಟೆ ತೊಳೆಯಲು ಕುಳಿತರು. ಅವರು ಬೇಡವೆಂದರೂ ಏಳಲಿಲ್ಲ. ನಾನು ಒಂದು ಮೂಟೆ ಈರುಳ್ಳಿ ಹೆಚ್ಚಿದವರ ಪಕ್ಕ ಕುಳಿತು ಮಿಕ್ಕಿದ್ದನ್ನು ಹೆಚ್ಚಿದೆ.

ಸಂಜೆ ಮಳೆ ನಿಂತಿತು. ವೆಳ್ಳವತ್ತೆ ನಿಲ್ದಾಣದಿಂದ ಲೋಕಲ್ ರೈಲು ಹತ್ತಿ ಕೊಂಪಞ್ಞವೀದಿಯಲ್ಲಿ ಇಳಿದೆವು. ಅಲ್ಲಿಂದ ‘ಬೇರೆ’ ಎಂಬ ಹೆಸರಿನ ಕೆರೆಗೆ ನಡಿಗೆಯ ದೂರ. ಗಂಗಾರಾಮಯ ದೇಗುಲದ ಸುತ್ತ, ಕೆರೆಯ ದಂಡೆಯುದ್ದಕ್ಕೂ ವೆಸಾಕ್ ಗೂಡುಗಳು. ಬಿದಿರುಕಡ್ಡಿಗೆ ತೆಳು ಕಾಗದ ಅಂಟಿಸಿ ಮಾಡಿದ, ನಮ್ಮ ಆಕಾಶಬುಟ್ಟಿಯ ಅಕ್ಕತಂಗಿಯರು. ಬಿಳಿ ಉಡುಗೆಯ ಶಾಲಾಮಕ್ಕಳು ಭಕ್ತಿಗೀತೆ ಹಾಡುತ್ತಿದ್ದರು. ಇವರು ಬಿಲ್ವದ ಹೂವಿನ ಕಷಾಯವನ್ನು ಬೈನೆ ಬೆಲ್ಲ ಕಚ್ಚಿಕೊಂಡು ಕುಡಿಯುತ್ತಾ, ಕೆರೆಯ ನೀರಿನಲ್ಲಿ ಅಲುಗುವ ದೀಪಗಳನ್ನು ಎಣಿಸುತ್ತಿದ್ದರು. ಐವತ್ತೇಳಕ್ಕೆ ನಿಲ್ಲಿಸಿದರು.

ಮನೆಗೆ ಬಂದವರೇ ಕ್ಯಾಲೆಂಡರ್ ಮುಂದೆ ನಿಂತೆವು. ಮುಂದಿನ ಪೋಯ ಜೂನ್ 21. ಅದರ ಟಿಕೆಟು ಹಿಂದಿನ ದಿನವೇ ತೆರೆದಾಗಿತ್ತು, ಹುಡುಕಿದರೆ ಒಂದೂ ಉಳಿದಿರಲಿಲ್ಲ. ಇವರು ಜುಲೈ ಹಾಳೆ ತಿರುವಿದರು. ಇಲ್ಲಿನ ಕ್ಯಾಲೆಂಡರಿನಲ್ಲಿ ಎಸಳ ಪೋಯ 20ನೇ ತಾರೀಖು, ಶನಿವಾರ. ಅಮ್ಮ ಕಳಿಸಿದ್ದರಲ್ಲಿ ಗುರುಪೂರ್ಣಿಮೆ 21, ಭಾನುವಾರ. ನಾನು ಯಾರಿಗೂ ಪತ್ರ ಬರೆಯಬೇಕಿರಲಿಲ್ಲ. ಇವರು ಪೆನ್ಸಿಲ್ ತಂದು ಎರಡೂ ಕ್ಯಾಲೆಂಡರಿನಲ್ಲಿ ಎರಡೂ ದಿನಕ್ಕೆ ಸುತ್ತು ಹಾಕಿದರು, ದೆಮೋದರದ ಹಳಿಯ ಹಾಗೆ. ನಾನು ಮೊಬೈಲಿನಲ್ಲಿ ಜೂನ್ 20ಕ್ಕೆ ಅಲಾರಂ ಇಟ್ಟೆ.