ಮೂರು ಕಡೆ ಉಳಿದಿರುವ ‘ಪ್ಯಾರಮಟ್ಟಾ’: ನೋಡಲು ಹೊರಡುವವರಿಗೆ

ನೌಕಾ ಇತಿಹಾಸದಲ್ಲಿ ಆಸಕ್ತಿಯಿರುವವರು ಸಿಡ್ನಿಗೆ ಹೋದಾಗ ಆಸ್ಟ್ರೇಲಿಯಾ ನೌಕಾಪಡೆಯ ‘ಪ್ಯಾರಮಟ್ಟಾ’ ಎಂಬ ಡಿಸ್ಟ್ರಾಯರ್ (ವೇಗದ ಸಣ್ಣ ಯುದ್ಧನೌಕೆ) ನೋಡಲು ಬಿಡುವು ಮಾಡಿಕೊಳ್ಳಬೇಕು. ಈ ಹಡಗಿನ ಅವಶೇಷಗಳು ಮೂರು ಕಡೆ ಇರುವುದರಿಂದ ಎಲ್ಲವನ್ನೂ ಒಂದೇ ದಿನಕ್ಕೆ ತುರುಕದಿರುವುದು ಒಳ್ಳೆಯದು.

ಮೊದಲು ಪ್ಯಾರಮಟ್ಟಾ ಪಟ್ಟಣದ ಕ್ವೀನ್ಸ್ ವಾರ್ಫ್ ಉದ್ಯಾನಕ್ಕೆ ಹೋಗಿ. ಸಿಡ್ನಿ ನಗರದ ಫೆರಿ ನಿಲ್ದಾಣವಾದ ಸರ್ಕ್ಯುಲರ್ ಕೀ ಇಂದ ಫೆರಿಯಲ್ಲಿ ಹೋಗುವುದೇ ಚೆಂದ. ಆದರೆ ನೀರಿನ ಇಳಿತ ಹೆಚ್ಚಿದ್ದಾಗ ಫೆರಿ ರೈಡಲ್‌ಮಿಯರ್‌ನಲ್ಲೇ ನಿಂತು ಮುಂದಿನ ದಾರಿಗೆ ಬಸ್ಸು ಹಿಡಿಯಬೇಕಾಗುವುದರಿಂದ ವೇಳಾಪಟ್ಟಿಯನ್ನು ಮೊದಲೇ ನೋಡಿಕೊಳ್ಳಿ. ಹಡಗಿಗೆ ಹೆಸರು ಕೊಟ್ಟ ನದಿಯ ದಡದಲ್ಲೇ ಅದರ ಹಿಂಭಾಗವನ್ನು ಸ್ಮಾರಕವಾಗಿ ನಿಲ್ಲಿಸಿದ್ದಾರೆ. ರಿವೆಟ್ ಹೊಡೆದು ಜೋಡಿಸಿದ ತಗಡುಗಳನ್ನು ಹತ್ತಿರದಿಂದ ನೋಡಿದರೆ, ಇಷ್ಟು ಹಗುರ ಒಡಲಿನ ಹಡಗಿನಲ್ಲಿ ಸಾಗರ ದಾಟಿದವರ ಧೈರ್ಯ ಮನಸ್ಸಿಗೆ ನಾಟುತ್ತದೆ. ಊಟಕ್ಕೆ ಪಕ್ಕದ ಹ್ಯಾರಿಸ್ ಪಾರ್ಕ್‌ನಲ್ಲಿ ಭಾರತೀಯ ಹೋಟೆಲುಗಳು ಸಾಕಷ್ಟಿವೆ.

1910ರ ಫೆಬ್ರವರಿಯಲ್ಲಿ ಸ್ಕಾಟ್ಲೆಂಡಿನ ಗೋವನ್‌ನಲ್ಲಿ ನೀರಿಗಿಳಿದ ಈ ಸುಮಾರು 700 ಟನ್ನಿನ ನೌಕೆ, 1914ರಲ್ಲಿ ಜರ್ಮನ್ ನ್ಯೂಗಿನಿಯ ಕಾರ್ಯಾಚರಣೆಯಲ್ಲಿ ಪಾಲ್ಗೊಂಡು, 1917ರಲ್ಲಿ ಮೆಡಿಟರೇನಿಯನ್‌ಗೆ ತೆರಳಿ, ಇಟಲಿಯ ಬ್ರಿಂಡಿಸಿಯನ್ನು ನೆಲೆಯಾಗಿಸಿಕೊಂಡು, ಶತ್ರು ಸಬ್‌ಮರೀನುಗಳು ಆಡ್ರಿಯಾಟಿಕ್‌ನಿಂದ ಹೊರಬರದಂತೆ ಒಟ್ರಾಂಟೊ ಜಲಸಂಧಿಯಲ್ಲಿ ಕಾವಲು ಕಾಯಿತು. 1928ರಲ್ಲಿ ಅದರ ಸೇವೆ ಮುಗಿಯಿತು. ಯಂತ್ರಗಳನ್ನೂ ತೋಪುಗಳನ್ನೂ ಕಳಚಿದ ಮೇಲೆ ಅದರ ಒಡಲು ಸಿಡ್ನಿಯ ಉತ್ತರಕ್ಕಿರುವ ಹಾಕ್ಸ್‌ಬರಿ ನದಿಯಲ್ಲಿ, ರಸ್ತೆ ಕೆಲಸಕ್ಕೆ ತಂದ ಕೈದಿಗಳ ವಸತಿಯಾಯಿತು. ಯುದ್ಧಕಾಲದ ಸೇವೆಯಷ್ಟೇ ಈ ಅಧ್ಯಾಯವೂ ನೆನಪಿನಲ್ಲಿ ಉಳಿಯತಕ್ಕದ್ದೆಂದು ನಾನು ನಂಬುತ್ತೇನೆ. 1934ರಲ್ಲಿ ಒಡೆಯುವುದಕ್ಕೆಂದು ಎಳೆದೊಯ್ಯುತ್ತಿದ್ದಾಗ ಬಿರುಗಾಳಿಗೆ ಸಿಕ್ಕಿ, ಜೊತೆಯಲ್ಲಿದ್ದ ‘ಸ್ವಾನ್’ ನೌಕೆ ಮುಳುಗಿತು. ‘ಪ್ಯಾರಮಟ್ಟಾ’ ಹಾಕ್ಸ್‌ಬರಿ ದಡದ ಕೆಸರಿಗೆ ಸಿಕ್ಕಿಕೊಂಡಿತು. 1973ರಲ್ಲಿ ಮುಂಭಾಗವನ್ನೂ ಹಿಂಭಾಗವನ್ನೂ ಕತ್ತರಿಸಿ ತಂದರು.

ಮುಂಭಾಗ ಸಿಡ್ನಿ ಬಂದರಿನ ಗಾರ್ಡನ್ ಐಲೆಂಡಿನ ಉತ್ತರ ತುದಿಯಲ್ಲಿದೆ. ಅದು ನೌಕಾನೆಲೆಯಾದ್ದರಿಂದ ಪ್ರವೇಶವಿದೆಯೇ ಎಂದು ವಿಚಾರಿಸದೆ ಹೊರಡಬೇಡಿ.

ಉಳಿದ ನಡುಭಾಗ ಇಂದಿಗೂ ಹಾಕ್ಸ್‌ಬರಿಯ ಮಿಲ್ಸನ್ ದ್ವೀಪದ ಬಳಿ ಬಿದ್ದಿದೆ. ಸಿಡ್ನಿಯ ಸೆಂಟ್ರಲ್ ನಿಲ್ದಾಣದಿಂದ ರೈಲಿನಲ್ಲಿ ಹಾಕ್ಸ್‌ಬರಿ ರಿವರ್ ನಿಲ್ದಾಣಕ್ಕೆ ಬಂದು, ಬ್ರೂಕ್ಲಿನ್‌ನಲ್ಲಿ ದೋಣಿ ಬಾಡಿಗೆಗೆ ಪಡೆಯಬೇಕು. ನೀರು ಇಳಿದ ಹೊತ್ತಿನಲ್ಲಿ ಹೋದರೆ ತುಕ್ಕು ತಿಂದ ಪಕ್ಕೆಗಳು ಸ್ಪಷ್ಟವಾಗಿ ಕಾಣುತ್ತವೆ. ಆದರೆ ಕೆಸರಿನಲ್ಲಿ ದೋಣಿ ಸಿಕ್ಕಿಕೊಳ್ಳುವ ಭಯವಿರುವುದರಿಂದ ದೂರ ಕಾಯ್ದುಕೊಳ್ಳಿ; ಒಡಲಿನ ಮೇಲೆ ಹತ್ತಬೇಡಿ, ತಗಡಿನ ಒಂದು ಚೂರನ್ನೂ ಕೀಳಬೇಡಿ.