ಒಂದಿಂಚು ಬಿಳಿ ಕಾಗದ

ಚಿತ್ರಗಳಿಗೆ ಕಟ್ಟು ಹಾಕುವ ಕೆಲಸಕ್ಕೆ ಸೇರಿ ಆಗಿನ್ನೂ ಎರಡು ವರ್ಷ. ದೇವರ ಪಟ, ಮದುವೆ ಫೋಟೊ, ಸರ್ಟಿಫಿಕೇಟು ಇವೇ ಜಾಸ್ತಿ ಬರುತ್ತಿದ್ದವು. ಅಂಚು ಹೆಚ್ಚಾದರೆ ಕತ್ತರಿಸು, ಹಿಂದೆ ಟೇಪ್ ಅಂಟಿಸು, ಗಾಜು ಕೂರಿಸು. ನನಗೆ ಗೊತ್ತಿದ್ದದ್ದು ಅಷ್ಟೇ.

ಒಂದು ದಿನ ರಿಟೈರ್ ಆದ ಟೀಚರೊಬ್ಬರು ಸುರುಳಿ ಸುತ್ತಿದ ಚಿತ್ರವೊಂದನ್ನು ತಂದರು. ಚಿತ್ರಕಲಾವಿದ ಎಸ್.ಎಚ್. ರಝಾ ಅವರ ಬಿಂದು. ಸೆರಿಗ್ರಾಫ್. ಅಂದರೆ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಜಾಲರಿ ಇಟ್ಟು, ಒಂದಾದ ಮೇಲೊಂದು ಬಣ್ಣ ಒತ್ತಿ ತೆಗೆದ ಮುದ್ರಣ. "ಚಿಕ್ಕವರಿದ್ದಾಗ ರಝಾ ಅವರ ಮನಸ್ಸು ಒಂದು ಕಡೆ ನಿಲ್ತಿರಲಿಲ್ಲವಂತೆ. ಮೇಷ್ಟ್ರು ಗೋಡೆ ಮೇಲೆ ಚುಕ್ಕಿ ಇಟ್ಟು, ಇದನ್ನೇ ನೋಡು ಅಂದರಂತೆ. ಅದಕ್ಕೇ ಇದನ್ನ ತಗೊಂಡೆ ಕಣಪ್ಪ" ಎಂದರು. ಪಿಎಫ್ ದುಡ್ಡಲ್ಲಿ ಕೊಂಡಿದ್ದರು. ಮನೆಯಲ್ಲಿದ್ದ ಹಳೇ ತೇಗದ ಫ್ರೇಮಿಗೇ ಅದನ್ನು ಹಾಕಬೇಕಿತ್ತು.

ಫ್ರೇಮ್ ಒಂದಿಂಚು ಚಿಕ್ಕದಾಗಿತ್ತು. ಬಣ್ಣಕ್ಕೆ ಗೀರು ಬೀಳದಿರಲಿ ಅಂತ ಮೇಲೆ ಹಾಳೆ ಹಾಸಿದೆ. ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು, ಕೆಳಗಿನ ಬಿಳಿ ಅಂಚಿನ ಮೇಲೆ ಬ್ಲೇಡ್ ಎಳೆದೆ. ಪಟ್ಟಿ ನೆಲಕ್ಕೆ ಬಿತ್ತು. ಎತ್ತಿಕೊಂಡಾಗ ಟ್ಯೂಬ್‌ಲೈಟ್ ಬೆಳಕಿಗೆ ಏನೋ ಮಿನುಗಿತು. ಎಡಗಡೆ 37/100. ಬಲಗಡೆ ರಝಾ ಸಹಿ. ಎರಡೂ ಪೆನ್ಸಿಲ್ಲಿನವು.

ಕೈ ತಣ್ಣಗಾಯಿತು.

ಯಜಮಾನರು ಬೈಯಲಿಲ್ಲ. ಪಟ್ಟಿಯನ್ನು ಓರೆಯಾಗಿ ಹಿಡಿದು ತೋರಿಸಿದರು. ಪೆನ್ಸಿಲ್ ಒತ್ತಿದ ಕಡೆ ಕಾಗದ ಸಣ್ಣಗೆ ತಗ್ಗಾಗಿತ್ತು. ನೂರು ಪ್ರತಿಗಳಲ್ಲಿ ಇದೂ ಒಂದು, ಇದನ್ನು ನಾನು ನೋಡಿ ಒಪ್ಪಿದ್ದೇನೆ ಅಂತ ಕಲಾವಿದರು ತಮ್ಮ ಕೈಯಾರೆ ಬರೆದುಕೊಟ್ಟ ಮಾತು ಅದು. "ಬ್ಲೇಡ್ ಹಿಡಿಯೋ ಮೊದಲು ನಾಲ್ಕೂ ಅಂಚು ಓದಬೇಕಪ್ಪ" ಎಂದರು.

ಅವತ್ತೇ ಸಂಜೆ ನನ್ನನ್ನೂ ಕರೆದುಕೊಂಡು ಟೀಚರ ಮನೆಗೆ ಹೋಗಿ, ನಡೆದದ್ದನ್ನು ನಡೆದ ಹಾಗೇ ಹೇಳಿದರು. ನಷ್ಟ ತುಂಬಿಕೊಡುವ ಮಾತನ್ನೂ ಕೊಟ್ಟರು. ಟೀಚರು ತುಂಬಾ ಹೊತ್ತು ಪಟ್ಟಿಯನ್ನೇ ನೋಡುತ್ತಿದ್ದರು. ಆಮೇಲೆ "ಅಂಟಿಸೋಕಾಗುತ್ತಾ?" ಎಂದು ಕೇಳಿದರು. ಆ ಪ್ರಶ್ನೆ ನನಗೆ ಈಗಲೂ ಕೇಳಿಸುತ್ತದೆ.

ಹಿಂದಿನಿಂದ ತೆಳು ಜಪಾನಿ ಕಾಗದ, ಗೋಧಿ ಪಿಷ್ಟದ ಅಂಟು ಹಾಕಿ ಸೇರಿಸಿದೆವು. ಬೇಕೆಂದರೆ ಆ ಅಂಟನ್ನು ನೀರಿನಲ್ಲಿ ನೆನೆಸಿ ಬಿಡಿಸಬಹುದು. ಟೇಪ್ ಹಾಗಲ್ಲ, ವರ್ಷಗಳು ಕಳೆದಂತೆ ಅದರ ಗೋಂದು ಕಾಗದದೊಳಗೆ ಇಳಿದು ಕಂದು ಕಲೆ ಬಿಡುತ್ತದೆ. ಆದರೂ ಕೂದಲೆಳೆಯಷ್ಟು ಗೆರೆ ಉಳಿದೇ ಬಿಟ್ಟಿತು.

ಈಗ ಯಾವ ಚಿತ್ರ ಬಂದರೂ ಮೊದಲು ಟಾರ್ಚ್ ಅನ್ನು ಪಕ್ಕದಿಂದ ಹಿಡಿದು ಅಂಚು ನೋಡುತ್ತೇನೆ. ಹಿಂಬದಿ ನೋಡುತ್ತೇನೆ. ಗ್ರಾಹಕರ ಎದುರಿಗೇ ಫೋಟೊ ತೆಗೆಯುತ್ತೇನೆ. ಆಮ್ಲವಿಲ್ಲದ ಬೋರ್ಡಿಗೆ ಮೇಲಿನ ಎರಡೇ ಜಾಗದಲ್ಲಿ ಹಿಡಿಸಿ ತೂಗುಬಿಡುತ್ತೇನೆ. ಮಳೆಗಾಲದಲ್ಲಿ ಕಾಗದ ಹಿಗ್ಗುತ್ತದೆ ಅಲ್ವಾ, ಅದಕ್ಕೆ ಜಾಗ ಬೇಕು. ಗಾಜಿಗೂ ತಾಗಬಾರದು.

"ಬಿಳಿ ಜಾಗ ಬೇಡ" ಅನ್ನುವವರು ಈಗಲೂ ಬರುತ್ತಾರೆ. ಅವರಿಗೆ ಮೌಂಟಿನ, ಅಂದರೆ ಚಿತ್ರದ ಮೇಲೆ ಕೂರಿಸುವ ರಟ್ಟಿನ, ಕಿಟಕಿಯನ್ನೇ ಚಿಕ್ಕದಾಗಿ ಕೊಯ್ದು ಕೊಡುತ್ತೇನೆ. ಅಂಚು ಅದರ ಹಿಂದೆ ಪೂರ್ತಿಯಾಗಿ ಇರುತ್ತದೆ.